ಹಿಂಬದಿ ಚಾಸಿಗೆ ತೇಪೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲದ ನಂತರ ವಾಹನಗಳ ಆರೈಕೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಟೈರು, ವೈಪರ್, ಬ್ಯಾಟರಿ ಬಗ್ಗೆ ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಆದರೆ ಹಿಂಬದಿ ಚಾಸಿ, ಅಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟಿನ ಹಿಂಭಾಗ, ತುಕ್ಕು ಹಿಡಿದು ತೂತಾಗಿದ್ದರೆ ಮೇಲೊಂದು ತಗಡು ವೆಲ್ಡ್ ಮಾಡಿಸಿ ರಬ್ಬರ್ ಕೋಟಿಂಗ್ ಹೊಡೆಸಿದರೆ ಸಾಕು ಎಂಬ ಸಲಹೆಯನ್ನು ಮಾತ್ರ ಹಾಗೇ ಬಿಡುವಂತಿಲ್ಲ. ಮುಂಬಯಿ, ಠಾಣೆ, ಡೊಂಬಿವಲಿ ಕಡೆಯಿಂದ ದೀಪಾವಳಿಗೋ ಮೇ ರಜೆಗೋ ಊರ ಭೂತಕೋಲಕ್ಕೋ ಏಳೆಂಟು ಜನರನ್ನು ತುಂಬಿಕೊಂಡು, ಮೇಲೆ ಕ್ಯಾರಿಯರ್ ತುಂಬ ಸಾಮಾನು ಕಟ್ಟಿಕೊಂಡು ಹೊರಡುವ ಬೊಲೆರೊ, ಸುಮೊ, ಕ್ವಾಲಿಸ್‌ಗಳು ನಮ್ಮವರ ಹತ್ತಿರ ಇನ್ನೂ ಬೇಕಾದಷ್ಟಿವೆ. ಆ ಭಾರದಲ್ಲಿ ದೊಡ್ಡ ಪಾಲು ಕೂರುವುದು ಹಿಂಬದಿ ಚಾಸಿಯ ಮೇಲೆ. ಬಾಡಿ ಮತ್ತು ಚಾಸಿ ಕೆಲಸವನ್ನೇ ಕಸುಬು ಮಾಡಿಕೊಂಡ ನಾವು ಕೆಲವರು ಸೇರಿ, ತೇಪೆಯ ಬದಲು ಹಾಳಾದ ತುಂಡನ್ನೇ ಕತ್ತರಿಸಿ ಬದಲಿಸುವ ಕ್ರಮವನ್ನು ಬರೆಯುತ್ತಿದ್ದೇವೆ. ಕಾಗದ ಉದ್ದವಾಗಿದೆ, ಕ್ಷಮೆಯಿರಲಿ. ಅರ್ಧ ಹೇಳಿದರೆ ಅದೂ ಇನ್ನೊಂದು ತೇಪೆಯೇ ಆಗುತ್ತದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿ, 1994ರ ಟಾಟಾ ಸುಮೊ, 2000ದ ಮಹೀಂದ್ರ ಬೊಲೆರೊ ಎಲ್ಲವೂ ಏಣಿ ಚಾಸಿಯ ಗಾಡಿಗಳು. ಉದ್ದಕ್ಕೆ ಎರಡು ಕಬ್ಬಿಣದ ತೊಲೆ ಅಂದರೆ ಲಾಂಗ್ ಮೆಂಬರ್, ಅವನ್ನು ಅಡ್ಡಡ್ಡ ಹಿಡಿದಿಡುವ ಕ್ರಾಸ್ ಮೆಂಬರ್‌ಗಳು, ಮೇಲೆ ರಬ್ಬರ್ ಬುಶ್‌ಗಳ ಮೇಲೆ ಕೂತ ಬಾಡಿ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಲಾಂಗ್ ಮೆಂಬರ್ ಕಮಾನಿನಂತೆ ಮೇಲೆದ್ದು ಮತ್ತೆ ಇಳಿಯುತ್ತದೆ. ಪಾಟಾವನ್ನು (ಬಿಲ್ಲಿನಾಕಾರದ ಪಟ್ಟಿ ಸ್ಪ್ರಿಂಗ್) ನೇತುಹಾಕುವ ಹ್ಯಾಂಗರ್, ಅದರ ತುದಿಯ ತೂಗುಕೊಂಡಿಯಾದ ಶ್ಯಾಕಲ್, ಶಾಕ್ ಅಬ್ಸಾರ್ಬರ್‌ನ ಮೇಲಿನ ಹಿಡಿ, ಬಂಪರ್, ಸ್ಟೆಪ್ನಿ ಎಲ್ಲವೂ ಈ ಭಾಗಕ್ಕೇ ನೇತುಬಿದ್ದಿರುತ್ತವೆ. ಸ್ವಿಫ್ಟ್, ವ್ಯಾಗನ್‌ಆರ್‌ನಂಥ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಅವುಗಳ ಕಥೆ ಬೇರೆ, ಕೊನೆಯಲ್ಲಿ ಎರಡು ಮಾತು ಹೇಳುತ್ತೇವೆ.

ಈ ಭಾಗ ಒಳಗಿನಿಂದ ಹೊರಗೆ ತಿನ್ನಿಸಿಕೊಳ್ಳುತ್ತದೆ ಎನ್ನುವುದನ್ನು ಮೊದಲು ಗಮನಿಸಬೇಕು. ಹಿಂದಿನ ಚಕ್ರ ಎರಚಿದ ಕೆಸರು ತೂತುಗಳಿಂದ ಪೆಟ್ಟಿಗೆಯಾಕಾರದ ಲಾಂಗ್ ಮೆಂಬರ್ ಒಳಗೆ ಸೇರುತ್ತದೆ, ನೀರು ಇಳಿಯಲೆಂದು ಬಿಟ್ಟ ಕೆಳಗಿನ ತೂತುಗಳನ್ನು ಅದೇ ಕೆಸರು ಮುಚ್ಚುತ್ತದೆ. ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಮುಂಬಯಿಯಲ್ಲಿ ಅದು ಒಣಗುವುದೇ ಇಲ್ಲ. ಅದಕ್ಕೆ ಉಪ್ಪು ಸೇರಿದರೆ ತುಕ್ಕಿನ ಓಟ ಜೋರಾಗುತ್ತದೆ. ವರ್ಸೋವಾ, ವರ್ಲಿ, ಉರಣದ ಕಡೆ ಕಡಲಿನ ಬದಿಯಲ್ಲೇ ರಾತ್ರಿಯಿಡೀ ನಿಲ್ಲುವ ಗಾಡಿಗಳು, 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರಿನ ಮೇಲೆ ಓಡಿ ಬಂದ ಗಾಡಿಗಳು ಬೇಗ ಹಾಳಾಗುವುದು ಇದಕ್ಕೇ. ಊರಿಂದ ಬಂದ ಮೇಲೆ ಬಾನೆಟ್ ಹೊಳೆಯುವಂತೆ ತೊಳೆಸುವವರು ಅಡಿಗೆ ಒಂದು ಪೈಪ್ ಸಿಹಿನೀರು ಹಿಡಿಸುವುದಿಲ್ಲ. ಎರಡು ತಗಡು ಒಂದರ ಮೇಲೊಂದು ಕೂತ ಕಡೆಯಂತೂ ನೀರು ಕೂದಲೆಳೆಯ ಸಂದಿನಲ್ಲಿ ನಿಂತು, ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡಿ, ತಗಡುಗಳನ್ನೇ ಉಬ್ಬಿಸಿ ಬೇರೆ ಮಾಡುತ್ತದೆ.

ಇದು ನಮ್ಮ ಕರಾವಳಿಯ ರೋಗ ಮಾತ್ರವಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದಲ್ಲಿ ಟಕೋಮಾ, ಟಂಡ್ರಾ, ಸೆಕ್ವೋಯಾ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ ಟೊಯೋಟ 2016ರಲ್ಲಿ ರಾಜಿಗೆ ಒಪ್ಪಿತು. ಸುಮಾರು 15 ಲಕ್ಷ ಗಾಡಿಗಳಿಗೆ ಸಂಬಂಧಿಸಿದ ಆ ರಾಜಿಯ ಮೌಲ್ಯವನ್ನು 340 ಕೋಟಿ ಡಾಲರ್‌ವರೆಗೆ ಅಂದಾಜಿಸಲಾಗಿತ್ತು. ತೂತು ಬಿದ್ದ ಗಾಡಿಗಳಿಗೆ ಅಲ್ಲಿ ಚಾಸಿಯನ್ನೇ ಬದಲಿಸಿ ಕೊಟ್ಟರು.

ತೇಪೆ ಯಾಕೆ ಬೇಡ? ಎಲ್ಲರೂ ಹೇಳುವ ಕಾರಣ ಒಳಗಿನ ತುಕ್ಕು ಹಾಗೇ ಉಳಿಯುತ್ತದೆ ಎಂಬುದು. ಅದು ನಿಜ. ತೇಪೆ ಮತ್ತು ಹಳೆಯ ಗೋಡೆಯ ನಡುವೆ ಹೊಸ ಸಂದು ಹುಟ್ಟುತ್ತದೆ, ವೆಲ್ಡಿನ ಬಿಸಿಗೆ ಒಳಬದಿಯಲ್ಲಿ ಅಷ್ಟೋ ಇಷ್ಟೋ ಉಳಿದಿದ್ದ ಬಣ್ಣವೂ ಸುಟ್ಟುಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 3 ಮಿ.ಮೀ. ಇದ್ದ ಗೋಡೆ ತುಕ್ಕಿಗೆ ಸವೆದು ಒಂದೂವರೆಗೆ ಬಂದಿರುತ್ತದೆ. ಅದರ ಮೇಲೆ 5 ಮಿ.ಮೀ. ಪ್ಲೇಟ್ ಕೂರಿಸಿ ಸುತ್ತ ವೆಲ್ಡ್ ಹೊಡೆಯುತ್ತಾರೆ. ಪ್ಲೇಟ್ ಇರುವಷ್ಟು ಜಾಗ ಬಾಗುವುದಿಲ್ಲ, ಪಕ್ಕದ ಸವೆದ ಜಾಗ ಬಾಗುತ್ತದೆ. ಪ್ರತಿ ಗುಂಡಿಯ ಏಟೂ ಪ್ಲೇಟಿನ ಅಂಚಿನ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಪ್ಲೇಟಿನ ತುದಿಯನ್ನು ನೇರ ಚೌಕಾಗಿ ಕತ್ತರಿಸಿ, ಲಾಂಗ್ ಮೆಂಬರ್‌ಗೆ ಅಡ್ಡವಾಗಿ ಮೇಲಿಂದ ಕೆಳಗೆ ವೆಲ್ಡ್ ಎಳೆದಿದ್ದರೆ ಬಿರುಕು ಬರುವುದು ಅಲ್ಲಿಂದಲೇ. ತೇಪೆ ಗಟ್ಟಿಯಾಗಿಯೇ ಇರುತ್ತದೆ, ಚಾಸಿ ಅದರ ಪಕ್ಕದಲ್ಲಿ ಮುರಿಯುತ್ತದೆ. ರಬ್ಬರ್ ಕೋಟಿಂಗ್ ಆ ಬಿರುಕನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ ಅಷ್ಟೆ.

ತಪಾಸಣೆ ಕಷ್ಟವಲ್ಲ. ಕೋಟಿಂಗ್ ಕೆರೆದು ತೆಗೆಸಿ. ಸಣ್ಣ ಸುತ್ತಿಗೆಯಿಂದ ಲಾಂಗ್ ಮೆಂಬರ್ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸವೆದ ಕಡೆ ಸದ್ದು ಮಂದವಾಗಿ ಒಳಗಿಂದ ತುಕ್ಕಿನ ಚೂರು ಉದುರುವುದು ಕೇಳಿಸುತ್ತದೆ. ಆಕ್ಸಲ್ ಮೇಲಿನ ಕಮಾನಿನ ಕೆಳಮುಖ, ಹಿಂದಿನ ಶ್ಯಾಕಲ್ ಹ್ಯಾಂಗರ್‌ನ ಸುತ್ತ, ಕೊನೆಯ ಕ್ರಾಸ್ ಮೆಂಬರ್ ಕೂಡುವ ಮೂಲೆ ಇವನ್ನು ದಬ್ಬಳದಂಥ ಚೂಪು ಸಲಾಕೆಯಿಂದ ಚುಚ್ಚಿ ನೋಡಬೇಕು. ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾವನ್ನು ತೂತಿನಿಂದ ಒಳಗೆ ಬಿಟ್ಟರೆ ಉಳಿದದ್ದು ಕಾಣುತ್ತದೆ. ಅಲ್ಟ್ರಾಸಾನಿಕ್ ದಪ್ಪಮಾಪಕ ಇದ್ದರೆ ಇನ್ನೂ ಒಳ್ಳೆಯದು. ಮೂಲ ದಪ್ಪದ ಮೂರನೇ ಒಂದು ಭಾಗ ಹೋಗಿದ್ದರೆ ಆ ತುಂಡನ್ನು ಬದಲಿಸುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಬದಲಿ ತುಂಡು ಎಲ್ಲಿಂದ? ಕುರ್ಲಾ ಸಿಎಸ್‌ಟಿ ರೋಡಿನ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಕತ್ತರಿಸಿದ ಹಿಂಬದಿ ಚಾಸಿ ಸಿಗುತ್ತದೆ. ಆದರೆ ಮುಂಬಯಿಯಲ್ಲೇ ಓಡಿದ ಗಾಡಿಯದಾದರೆ ಅದಕ್ಕೂ ನಿಮ್ಮದೇ ರೋಗ ಇರಬಹುದು. ಪುಣೆ, ನಾಸಿಕ್ ಕಡೆಯ ಒಣ ಹವೆಯ ಗಾಡಿಯ ತುಂಡನ್ನು ಕೇಳಿ ಹುಡುಕುವುದು ವಾಸಿ. ಬಿಲ್ಲಿಲ್ಲದ ತುಂಡು ಬೇಡವೇ ಬೇಡ, ಕಳವಿನ ಗಾಡಿಯದಾಗಿದ್ದರೆ ತಲೆನೋವು ನಿಮಗೇ. ಅದೇ ಮಾಡೆಲ್, ಅದೇ ವೀಲ್‌ಬೇಸ್ ಎಂದು ಖಚಿತಪಡಿಸಿಕೊಂಡು, ಮುಂದಿನ ಹ್ಯಾಂಗರ್ ತೂತಿನಿಂದ ಶ್ಯಾಕಲ್ ತೂತಿನವರೆಗಿನ ಅಳತೆಯನ್ನು ಟೇಪ್ ಹಿಡಿದು ತಾಳೆ ನೋಡಿ. ಅಂಗಡಿಯವರು ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿರುತ್ತಾರೆ. ಆ ಅಂಚಿನಿಂದ ಕನಿಷ್ಠ 50 ಮಿ.ಮೀ. ಬಿಸಿಗೆ ಹಾಳಾದ ಲೋಹವೆಂದು ಲೆಕ್ಕ ಹಿಡಿದು ತೆಗೆದುಹಾಕಬೇಕಾಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಉದ್ದದ ತುಂಡನ್ನೇ ಕೊಳ್ಳಬೇಕು. ಹೊಸದಾಗಿ ಪ್ಲೇಟ್ ಬಾಗಿಸಿ ಮಾಡಿಸುವುದೂ ಉಂಟು. ಪೇಟೆಯಲ್ಲಿ ಸುಲಭವಾಗಿ ಸಿಗುವ ಐಎಸ್ 2062 ಇ250 ಪ್ಲೇಟಿನ ಯೀಲ್ಡ್ ಬಲ (ಶಾಶ್ವತವಾಗಿ ಬಾಗುವ ಮುನ್ನ ತಾಳುವ ಬಲ) 250 ಮೆಗಾಪಾಸ್ಕಲ್. ಎಷ್ಟೋ ಕಂಪನಿ ಚಾಸಿಗಳ ತಗಡು ಅದಕ್ಕಿಂತ ಗಟ್ಟಿ. ಆದ್ದರಿಂದ ದಪ್ಪವನ್ನು ಕಡಿಮೆ ಮಾಡುವ ಮಾತೇ ಬೇಡ. ಹಾರ್ಡ್‌ವೇರ್ ಅಂಗಡಿಯ ಜಿಐ, ಅಂದರೆ ಸತು ಲೇಪಿಸಿದ ತಗಡನ್ನಂತೂ ಮುಟ್ಟಬೇಡಿ: ಸತುವಿನ ಹೊಗೆ ಕುಡಿದ ವೆಲ್ಡರ್‌ಗೆ ಆ ರಾತ್ರಿ ಚಳಿಜ್ವರ, ವೆಲ್ಡೂ ಕೆಡುತ್ತದೆ.

ಕತ್ತರಿಸುವ ಮೊದಲೇ ಅರ್ಧ ಕೆಲಸ ಇರುವುದು. ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಇಂಧನ ಟ್ಯಾಂಕ್ ಪೂರ್ತಿ ಕೆಳಗಿಳಿಸಬೇಕು; "ಖಾಲಿ ಮಾಡಿದ್ದೇವಲ್ಲ" ಎಂಬ ಮಾತು ನಡೆಯುವುದಿಲ್ಲ, ಪೆಟ್ರೋಲ್ ಆವಿ ತುಂಬಿದ ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಸಿಎನ್‌ಜಿ ಗಾಡಿಯಾದರೆ 200 ಬಾರ್ ಒತ್ತಡದ ಸಿಲಿಂಡರ್ ಗಾಡಿಯಲ್ಲಿರುವಾಗ ಕಿಡಿ ಹಾರಿಸಕೂಡದು. ಕಿಟ್ ಕೂರಿಸುವ ಅಧಿಕೃತ ಕೇಂದ್ರದಲ್ಲೇ ಬಿಚ್ಚಿಸಿ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಸಿಲಿಂಡರ್ ಪರೀಕ್ಷಿಸುವುದು) ಬಾಕಿಯಿದ್ದರೆ ಇದೇ ಸಮಯಕ್ಕೆ ಮುಗಿಸಬಹುದು. ಲಾಂಗ್ ಮೆಂಬರ್ ಬದಿಯಲ್ಲಿ ಓಡುವ ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರಿಂಗ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವನ್ನೂ ಬಿಚ್ಚಿ ದೂರ ಕಟ್ಟಬೇಕು. ಡಿಕ್ಕಿಯ ಕಾರ್ಪೆಟ್, ಹಿಂದಿನ ಸೀಟು ಹೊರಗೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಆಮೇಲೆ ಅಳತೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಾಸಿಯ ಕಂಪನಿ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಎಡ ಮುಂದಿನಿಂದ ಬಲ ಹಿಂದಿಗೆ, ಬಲ ಮುಂದಿನಿಂದ ಎಡ ಹಿಂದಿಗೆ ಕರ್ಣ ಅಳೆದಾಗ ವ್ಯತ್ಯಾಸ 3 ಮಿ.ಮೀ. ಒಳಗಿರಬೇಕು. ಮೊದಲೇ ಜಾಸ್ತಿ ಇದ್ದರೆ ಗಾಡಿಗೆ ಹಿಂದೆಂದೋ ಪೆಟ್ಟು ಬಿದ್ದಿದೆ ಎಂದರ್ಥ. ಸೊಟ್ಟ ಚಾಸಿಗೆ ನೆಟ್ಟಗಿನ ತುಂಡು ಕೂರುವುದಿಲ್ಲ, ಅದನ್ನು ಫ್ರೇಮ್ ಬೆಂಚಿನ ಮೇಲೆ ಎಳೆಸಿದ ಮೇಲೆಯೇ ಮುಂದಿನ ಮಾತು. ಎತ್ತರದ ಅಳತೆಯನ್ನೂ ಬರೆದಿಟ್ಟುಕೊಳ್ಳಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಉಳಿಯುವ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್, ಬಾಡಿಯ ಹಿಂಭಾಗದ ಕೆಳಗೆ ಮರದ ತುಂಡಿಟ್ಟು ಪ್ರತ್ಯೇಕ ಆಧಾರ, ಆಕ್ಸಲ್‌ಗೆ ಬೇರೆ ಟ್ರಾಲಿ. ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಎರಡು ಲಾಂಗ್ ಮೆಂಬರ್‌ಗಳ ನಡುವೆ 40×40×5 ಮಿ.ಮೀ. ಆಂಗಲ್ ಒಂದನ್ನು ತಾತ್ಕಾಲಿಕವಾಗಿ ಟ್ಯಾಕ್ (ಚುಕ್ಕೆ ವೆಲ್ಡ್) ಮಾಡಿದರೆ ಕತ್ತರಿಸಿದ ಕ್ಷಣ ಅವು ಅಗಲವಾಗುವುದಿಲ್ಲ. ಸಾಧ್ಯವಿದ್ದರೆ ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗುವುದು ಕ್ಷೇಮ.

ಬಾಡಿ ಮೌಂಟಿನ ಬೋಲ್ಟ್‌ಗಳು ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ, ಬಲವಂತಕ್ಕೆ ತುಂಡಾದರೆ ಬಾಡಿಯೊಳಗಿನ ನಟ್ ಸಮೇತ ಕಿತ್ತು ಬರುತ್ತದೆ.

ಕತ್ತರಿಸುವ ಗೆರೆ ಕೊನೆಯ ತುಕ್ಕಿನಿಂದ ಕನಿಷ್ಠ 75 ಮಿ.ಮೀ. ಆಚೆ, ಹೊಳೆಯುವ ಗಟ್ಟಿ ಲೋಹದಲ್ಲಿರಬೇಕು. ಪಾಟಾ ಹ್ಯಾಂಗರ್, ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್), ಕಮಾನಿನ ತಿರುವಿನ ಮೇಲೆ ಬರಬಾರದು. ಲಾಂಗ್ ಮೆಂಬರ್ ಬಾಗುವಾಗ ಹೆಚ್ಚಿನ ಬಲವನ್ನು ಹೊರುವುದು ಮೇಲ್ಮುಖ ಮತ್ತು ಕೆಳಮುಖ. ಆ ಎರಡರ ಕೂಡುಗೆರೆ ಒಂದೇ ನೇರಕ್ಕೆ ಬಂದರೆ ಇಡೀ ಜಾಯಿಂಟ್ ಒಂದೇ ಕಡೆ ದುರ್ಬಲ. ಹಾಗಾಗಿ ಝಡ್ ಆಕಾರದಲ್ಲಿ ಕತ್ತರಿಸಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ 100 ಮಿ.ಮೀ.ಗಿಂತ ಹೆಚ್ಚು ಅಂತರ ಇಡಬೇಕು. ಎಡ ಮತ್ತು ಬಲದ ಜಾಯಿಂಟ್‌ಗಳನ್ನೂ ಹಿಂದೆ ಮುಂದೆ ಮಾಡಬೇಕು. 1 ಮಿ.ಮೀ. ಕಟಿಂಗ್ ಡಿಸ್ಕಿನ ಗ್ರೈಂಡರ್ ಸಾಕು, ಗ್ಯಾಸ್ ಕಟ್ಟರ್ ಬೇಡ.

ಜಾಯಿಂಟಿನ ಪ್ರಾಣ ಒಳಗಿನ ಸ್ಲೀವ್, ಅಂದರೆ ಎರಡೂ ತುಂಡುಗಳ ಒಳಗೆ ತೂರಿಸುವ ತೋಳು. ಲಾಂಗ್ ಮೆಂಬರ್‌ನ ದಪ್ಪದ್ದೇ ಪ್ಲೇಟನ್ನು ಒಳಗೆ ಬಿಗಿಯಾಗಿ ಕೂರುವಂತೆ ಬಾಗಿಸಿ, ಮೇಲಿನ ಕೆಳಗಿನ ಎರಡೂ ಕೂಡುಗೆರೆಗಳಿಂದ ಆಚೀಚೆ 75 ಮಿ.ಮೀ. ಒಳಗೆ ಹೋಗುವಷ್ಟು ಉದ್ದ ಮಾಡಬೇಕು. ಹೊರಗೋಡೆಯಲ್ಲಿ 10 ಮಿ.ಮೀ. ತೂತುಗಳನ್ನು 40–50 ಮಿ.ಮೀ. ಅಂತರದಲ್ಲಿ ಕೊರೆದು, ಅವುಗಳ ಮೂಲಕ ಪ್ಲಗ್ ವೆಲ್ಡ್ (ತೂತು ತುಂಬುವ ವೆಲ್ಡ್) ಮಾಡಿ ಸ್ಲೀವನ್ನು ಹಿಡಿಸುವುದು. ಎರಡು ತುಂಡುಗಳ ನಡುವೆ 3 ಮಿ.ಮೀ. ಸಂದು ಬಿಡಬೇಕು, ಸಂದಿಲ್ಲದೆ ಒತ್ತಿ ಕೂಡಿಸಿದರೆ ವೆಲ್ಡ್ ಮೇಲ್ಮೈಯಲ್ಲೇ ನಿಲ್ಲುತ್ತದೆ, ಸ್ಲೀವ್‌ವರೆಗೆ ಇಳಿಯುವುದಿಲ್ಲ. ಸ್ಲೀವ್ ಕೂರಿಸುವ ಮೊದಲು ಒಳಮುಖಗಳಿಗೆ ವೆಲ್ಡಿಂಗ್ ತಾಳುವ ಸತುವಿನ ಪ್ರೈಮರ್ ಹಚ್ಚಿ, ವೆಲ್ಡ್ ಬೀಳುವ ಅಂಚುಗಳನ್ನು ಮಾತ್ರ ಬೆಳ್ಳಗೆ ಉಜ್ಜಿಡಿ.

ವೆಲ್ಡಿಂಗಿಗೆ ಮಿಗ್ ಯಂತ್ರ (ಗ್ಯಾಸಿನ ಮುಸುಕಿನಲ್ಲಿ ತಂತಿ ಕರಗಿಸಿ ಬೆಸೆಯುವುದು), 0.8 ಮಿ.ಮೀ. ಇಆರ್ 70 ಎಸ್-6 ತಂತಿ. 3 ಮಿ.ಮೀ. ತಗಡಿಗೆ 110–130 ಆಂಪಿಯರ್ ಆಸುಪಾಸು, ಗ್ಯಾಸ್ ನಿಮಿಷಕ್ಕೆ 10–15 ಲೀಟರ್. ಮುಂಬಯಿಯ ಗ್ಯಾರೇಜುಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ರಸ್ತೆ ಬದಿ ತಾಡಪಾಲಿನ ಕೆಳಗೆ ಕೆಲಸ, ಸೆಕೆಗೆ ಪಕ್ಕದಲ್ಲೇ ಪೆಡಸ್ಟಲ್ ಫ್ಯಾನ್. ವೆಲ್ಡಿಗೆ ಮುಸುಕಾಗಬೇಕಾದ ಗ್ಯಾಸನ್ನು ಫ್ಯಾನಿನ ಗಾಳಿಯೋ ಕಡಲ ಗಾಳಿಯೋ ಹೊತ್ತೊಯ್ಯುತ್ತದೆ, ಕರಗಿದ ಲೋಹಕ್ಕೆ ಹವೆ ಸೇರಿ ವೆಲ್ಡ್ ನೀರುದೋಸೆಯಂತೆ ತೂತು ತೂತಾಗುತ್ತದೆ. ಅದರ ಮೇಲೆ ಗ್ರೈಂಡರ್ ಓಡಿಸಿ, ಪುಟ್ಟಿ ಮೆತ್ತಿ, ಕಪ್ಪು ಬಳಿದರೆ ಮಾಲೀಕರಿಗೆ ಗೊತ್ತಾಗುವ ದಾರಿಯೇ ಇಲ್ಲ. ಫ್ಯಾನ್ ಆರಿಸಿ, ಮೂರು ಬದಿ ಪರದೆ ಕಟ್ಟಿಸಿ. ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಜಾಯಿಂಟಿನ ಪಕ್ಕದಲ್ಲೇ ಕಚ್ಚಿಸಬೇಕು. ಎಲ್ಲೋ ಚಕ್ರದ ಡ್ರಮ್ಮಿಗೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹಾಯ್ದು ಗುಂಡುಗಳ ಮೇಲೆ ಚುಕ್ಕೆ ಬೀಳುತ್ತದೆ, ತಿಂಗಳೊಳಗೆ ಬೇರಿಂಗ್ ಕೂಗತೊಡಗಿದರೆ ಯಾರೂ ಈ ವೆಲ್ಡಿಂಗನ್ನು ನೆನೆಯುವುದಿಲ್ಲ.

ಮೊದಲು ನಾಲ್ಕು ಮೂಲೆಗೆ ಟ್ಯಾಕ್, ಮತ್ತೆ ಕರ್ಣ ಮತ್ತು ಎತ್ತರದ ಅಳತೆ. ತಾಳೆಯಾದರೆ 25 ಮಿ.ಮೀ. ತುಂಡು ತುಂಡಾಗಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಬದಲಾಯಿಸುತ್ತ ವೆಲ್ಡ್. ಒಂದೇ ಎಳೆತಕ್ಕೆ ಮುಗಿಸಿದರೆ ಬಿಸಿಗೆ ಲಾಂಗ್ ಮೆಂಬರ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಬೇಗ ಆರಲೆಂದು ನೀರು ಸುರಿಯುವ ಅಭ್ಯಾಸ ಕೆಲವರಿಗಿದೆ, ಅದು ವೆಲ್ಡಿನ ಅಂಚನ್ನು ಪೆಡಸು ಮಾಡುತ್ತದೆ. ತಾನಾಗಿ ಆರಬೇಕು. ಚಂದಕ್ಕಾಗಿ ವೆಲ್ಡನ್ನು ಪೂರ್ತಿ ಸಪಾಟಾಗಿ ಉಜ್ಜಿಸಬೇಡಿ. ಬಣ್ಣಕ್ಕೆ ಮೊದಲು ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿ: ಕೆಂಪು ದ್ರಾವಣ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಮಾಲೀಕರು ಹತ್ತಿರ ನಿಂತು ನೋಡಬೇಕಾದ್ದು ಇದೊಂದನ್ನೇ.

ಹೊರಗೆ ಎಪಾಕ್ಸಿ ಪ್ರೈಮರ್, ಬಣ್ಣ. ಒಳಗೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ನೀರಿಳಿಯುವ ತೂತುಗಳು ತೆರೆದಿರಲಿ.

ಕೂಡಿಸುವಾಗ ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಹಾಕಬಾರದು, ಒಮ್ಮೆ ಎಳೆದು ಬಿಗಿಯಾದ ಅವು ಮತ್ತೆ ಹಾಗೆ ಹಿಡಿಯುವುದಿಲ್ಲ. ಪಾಟಾದ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿ. ಅರ್ಧ ಇಂಚು ಆಚೆ ಕೂತರೆ ಆಕ್ಸಲ್ ಓರೆಯಾಗಿ, ಗಾಡಿ ಮೈ ಸೊಟ್ಟ ಮಾಡಿಕೊಂಡು ಓಡುತ್ತದೆ. ಪಾಟಾ ಕಣ್ಣಿನ ಮತ್ತು ಶ್ಯಾಕಲ್‌ನ ಬೋಲ್ಟ್‌ಗಳನ್ನು ಗಾಡಿ ಗಾಳಿಯಲ್ಲಿ ನೇತಾಡುವಾಗ ಬಿಗಿಮಾಡಿದರೆ ರಬ್ಬರ್ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಬೇಕು, ಕಂಪನಿ ಕೈಪಿಡಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ). 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ.

ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಲೋಡ್ ಸೆನ್ಸಿಂಗ್ ವಾಲ್ವಿನ ಸಣ್ಣ ಕಡ್ಡಿ ಇದ್ದ ಗಾಡಿಗಳಲ್ಲಿ ಅದನ್ನು ಕಡೆಗಣಿಸುವವರೇ ಹೆಚ್ಚು. ಹಿಂದೆ ಭಾರ ಎಷ್ಟಿದೆ ಎಂದು ಎತ್ತರದಿಂದ ತಿಳಿದು ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು ಅದರ ಕೆಲಸ. ಹೊಸ ತುಂಡಿನಲ್ಲಿ ಬ್ರಾಕೆಟ್ ಅಷ್ಟಿಷ್ಟು ಮೇಲೆ ಕೆಳಗೆ ಕೂತರೆ ಖಾಲಿ ಗಾಡಿಗೆ ತುಂಬಿದ ಲೆಕ್ಕ, ತುಂಬಿದ ಗಾಡಿಗೆ ಖಾಲಿ ಲೆಕ್ಕ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂಬದಿ ಜಾರುವುದಕ್ಕೆ ಟೈರನ್ನು ದೂರಿ ಪ್ರಯೋಜನವಿಲ್ಲ. ಬ್ರೇಕಿನ ಗಾಳಿ ತೆಗೆದು, ಈ ಕಡ್ಡಿಯನ್ನೂ ಕೈಪಿಡಿಯ ಅಳತೆಗೆ ಹೊಂದಿಸಬೇಕು. ಹಾಗೆಯೇ ಬಣ್ಣದ ಮೇಲೆಯೇ ಅರ್ಥ್ ವೈರ್ ಬಿಗಿದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣಮಿಣ ಎನ್ನುತ್ತದೆ. ಆ ಜಾಗವನ್ನು ಬರಿ ಲೋಹಕ್ಕೆ ಉಜ್ಜಿ ಬಿಗಿದು ಮೇಲೆ ಗ್ರೀಸ್ ಹಚ್ಚಿ.

ಸ್ವಿಫ್ಟ್‌ನಂಥ ಕಾರುಗಳ ಹಿಂದೆ ಗುದ್ದು ಬಿದ್ದು ಡಿಕ್ಕಿಯ ತಳದ ಮೆಂಬರ್ ಬದಲಿಸುವಾಗ ಕತ್ತರಿಸುವ ಜಾಗವನ್ನು ಡೆಂಟರ್ ತೀರ್ಮಾನಿಸುವಂತಿಲ್ಲ, ಕಂಪನಿಯ ರಿಪೇರಿ ಕೈಪಿಡಿ ಹೇಳಿದ ಕಡೆಯೇ ಆಗಬೇಕು. ಅಲ್ಲಿ ಗಟ್ಟಿ ಜಾತಿಯ ತೆಳು ಉಕ್ಕು ಇರುತ್ತದೆ. ಗ್ಯಾಸ್ ವೆಲ್ಡಿಂಗ್ ಅದರ ಬಲವನ್ನೇ ತೆಗೆಯುತ್ತದೆ. ಸಮಗ್ರ ವಿಮೆ ಇದ್ದರೆ ಅಪಘಾತಕ್ಕೆ ಪರಿಹಾರ ಸಿಗುತ್ತದೆ, ತುಕ್ಕಿಗೆ ಸಿಗುವುದಿಲ್ಲ.

ಕೊನೆಗೆ ಕಾಗದಪತ್ರ. ಚಾಸಿ ನಂಬರ್ ಕೊರೆದ ಜಾಗ ನಿಮ್ಮ ಗಾಡಿಯಲ್ಲಿ ಎಲ್ಲಿದೆ ಎಂದು ಕತ್ತರಿಸುವ ಮೊದಲೇ ನೋಡಿ. ಅದು ತೆಗೆಯುವ ತುಂಡಿನ ಮೇಲಿದ್ದರೆ, ಅಥವಾ ಇಡೀ ಚಾಸಿಯನ್ನೇ ಬದಲಿಸುವುದಾದರೆ ಗಾಡಿ ನೋಂದಣಿಯಾದ ಆರ್‌ಟಿಒದ ಲಿಖಿತ ಅನುಮತಿ ಮೊದಲು, ಗ್ರೈಂಡರ್ ಆಮೇಲೆ. ನೋಂದಣಿಯ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕೆಎ 19 (ಮಂಗಳೂರು), ಕೆಎ 20 (ಉಡುಪಿ) ನಂಬರಿನ ಗಾಡಿಗಳನ್ನು ಇಲ್ಲಿ ಓಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕುರ್ಲಾದಿಂದ ತಂದ ತುಂಡಿನ ಮೇಲೆ ಬೇರೊಂದು ನಂಬರ್ ಇದ್ದರೆ ಅದನ್ನು ಉಜ್ಜಿ ತೆಗೆಯುವ ಜಾಣತನ ಮಾಡದೆ, ಆ ತುಂಡನ್ನೇ ವಾಪಸು ಕೊಡಿ. ಖಾಸಗಿ ಗಾಡಿಗೆ 15 ವರ್ಷ ತುಂಬಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುವ ತಪಾಸಣೆಗೆ ಹೋಗುವಾಗ ತುಂಡಿನ ಬಿಲ್ಲು, ಗ್ಯಾರೇಜಿನ ಬಿಲ್ಲು, ಕತ್ತರಿಸುವ ಮೊದಲು ಮತ್ತು ಬಣ್ಣಕ್ಕೆ ಮೊದಲು ತೆಗೆದ ಫೋಟೊಗಳು ಜೊತೆಗಿರಲಿ.

ಆ ಲೇಖನದ ತಿದ್ದುಪಡಿಯನ್ನು ದಯವಿಟ್ಟು ರಜೆಯ ಓಡಾಟ ಶುರುವಾಗುವ ಮೊದಲೇ ಪ್ರಕಟಿಸಬೇಕೆಂದು ಕೋರುತ್ತೇವೆ. ಇಷ್ಟುದ್ದದ ಕಾಗದಕ್ಕೆ ಜಾಗವಿಲ್ಲದಿದ್ದರೆ ಇಂಧನ ಟ್ಯಾಂಕ್, ಸಿಎನ್‌ಜಿ ಸಿಲಿಂಡರ್ ಇಳಿಸುವ ಭಾಗ ಮತ್ತು ಒಳಗಿನ ಸ್ಲೀವಿನ ಭಾಗ ಇವೆರಡನ್ನಾದರೂ ಉಳಿಸಿಕೊಳ್ಳಿ.

ಇತಿ,
ಬಾಡಿ–ಚಾಸಿ ಕೆಲಸದ ಕೆಲವು ಕನ್ನಡಿಗರು,
ಕುರ್ಲಾ–ಸಾಕಿನಾಕಾ, ಮುಂಬಯಿ